ಹುಸೇನ್ ಸಾಬರು ಕೇಳಿದ ಹಾರ್ಡ್ ಬಾಪ್

ಅರ್ಥವಾಗದ್ದನ್ನು ಮೆಚ್ಚಿಕೊಳ್ಳುವ ಚಪಲ ನನಗೆ ಮೊದಲಿನಿಂದಲೂ ಇದೆ. ಹಂಪಿಗೆ ಬಂದ ನೆಂಟರಿಗೆ ಶಾಸನ ತೋರಿಸುತ್ತಾ, ಒಂದಕ್ಷರ ಓದಲು ಬಾರದಿದ್ದರೂ ‘ಆಹಾ, ಎಂಥ ಮಾತು!’ ಎಂದು ತಲೆದೂಗಿದವಳು ನಾನು. ಕಮಲಾಪುರದ ಶಾಲೆಯಲ್ಲಿ ಗಣಿತ ಕಲಿಸುವ ನನಗೆ ಜಾಝ್ ಗಂಟುಬಿದ್ದದ್ದೂ ಹೀಗೆಯೇ. ತಲೆನೋವಿಗೆಂದು ಫೋನಿನಲ್ಲಿ ವೀಣೆ ಹುಡುಕುತ್ತಿದ್ದಾಗ ಬೆರಳು ಜಾರಿ ಅಮೆರಿಕದ ಯಾರೋ ಟ್ರಂಪೆಟ್ ವಾದಕನ ಆಲ್ಬಮ್ ಶುರುವಾಯಿತು. ಜಾಝಿನಲ್ಲೇ ‘ಹಾರ್ಡ್ ಬಾಪ್’ ಎಂಬ ಬಗೆಯೆಂದು ಕೆಳಗೆ ಬರೆದಿತ್ತು. ಟ್ರಂಪೆಟ್, ಸ್ಯಾಕ್ಸೊಫೋನ್, ಪಿಯಾನೊ, ಆಳೆತ್ತರದ ಒಂದು ತಂತಿವಾದ್ಯ, ಡ್ರಮ್ಸು. ಒಟ್ಟು ಐದೇ ಜನ. ತಲೆನೋವು ಹೋಗಲಿಲ್ಲ. ಆದರೆ ಮರುದಿನ ಸ್ಟಾಫ್ ರೂಮಿನಲ್ಲಿ ‘ನಾನೀಗ ಹಾರ್ಡ್ ಬಾಪ್ ಕೇಳುತ್ತಿದ್ದೇನೆ’ ಎಂದಾಗ ಎಲ್ಲರೂ ನನ್ನನ್ನೇ ನೋಡಿದರು. ಆ ನೋಟದ ಆಸೆಗೆ ದಿನಾ ಸಂಜೆ ಕೇಳತೊಡಗಿದೆ. ನಮ್ಮ ಮನೆಯವರು ದಿನಾ ಸಂಜೆ ಚಪ್ಪಲಿ ಮೆಟ್ಟಿ, “ಕೆನಾಲ್ ಕಡಿಗೆ ಹೋಗಿ ಬರ್ತೀನಿ” ಎನ್ನತೊಡಗಿದರು.

ಹೀಗಿರುವಾಗ ಅಕ್ಕನ ಮಗಳ ಮದುವೆ ಗೊತ್ತಾಯಿತು. ಮೆರವಣಿಗೆಯ ಬ್ಯಾಂಡಿನ ಮಾತಾಡಲು ಕಂಪ್ಲಿಯ ಹುಸೇನ್ ಸಾಬರು ಮನೆಗೆ ಬಂದರು. ಮದುವೆಗಳಲ್ಲಿ ಟ್ರಂಪೆಟ್ ಊದುತ್ತಲೇ ಮುದುಕರಾದವರು. ನನ್ನ ಆಲ್ಬಮ್ ನಡೆದೇ ಇತ್ತು. ಚಹಾದ ಕಪ್ಪನ್ನು ತುಟಿಯ ಹತ್ತಿರ ಒಯ್ದವರು ಹಾಗೇ ಕೂತುಬಿಟ್ಟರು.

“ಯಾರ್ರೀ ಟೀಚರಮ್ಮಾರ, ಊದಾಕತ್ತಿರೋದು?”

ನಾನು ಕನ್ನಡಕ ಸರಿಮಾಡಿಕೊಂಡು, “ಇದಕ್ಕ ಹಾರ್ಡ್ ಬಾಪ್ ಅಂತಾರ್ರಿ. ನಿಮಗ ತಿಳಿಯೋದು ಸ್ವಲ್ಪ ಕಷ್ಟ” ಎಂದೆ.

“ಬಾಪ್ ಅಂದ್ರ ಅಪ್ಪ ಅಲ್ಲೇನ್ರಿ? ಖರೇನ ಐತಿ. ಊದೋರಿಗೆಲ್ಲ ಅಪ್ಪ ಇದಾನ ಇವ್ನು!” ಕಪ್ಪು ಕೆಳಗಿಟ್ಟರು. “ಕೇಳ್ರಿ, ಈಗ ಉಸಿರು ತಗಂತಾನ... ಹಾಂ, ತಗಂಡ! ಡ್ರಮ್ಮಿನೋನು ಸುಮ್ಸುಮ್ನ ಬಡಿಯಂಗಿಲ್ಲ. ಇವ್ನು ಮಾತು ಮುಗಿಸಿದ ಮ್ಯಾಲ ‘ಹೂಂ’ ಅಂತಾನ. ಮೊದ್ಲು ಎಲ್ಲಾರೂ ಕೂಡಿ ಹಾಡು ಹೇಳಿದ್ರು. ಈಗ ಒಬ್ಬೊಬ್ರು ತಮ್ಮ ತಮ್ಮ ಕಥಿ ಹೇಳಾಕತ್ತ್ಯಾರ. ಕಡೀಗೆ ಎಲ್ಲಾರೂ ಅದ ಹಾಡಿನ ಮನಿಗೆ ಬರ್ತಾರ ನೋಡ್ರಿ.”

ಬಂದೇಬಿಟ್ಟರು! ಇಷ್ಟು ದಿನ ಗದ್ದಲವಾಗಿದ್ದದ್ದು ಅಂದು ಮೊದಲ ಸಲ ಐದು ಜನ ಗೆಳೆಯರ ಹರಟೆಯಾಗಿ ಕೇಳಿಸಿತು. ಎಂಥ ಹರಟೆ! ಒಬ್ಬ ಮಾತಾಡುವಾಗ ಉಳಿದವರು ಅಡ್ಡ ಬರುವುದಿಲ್ಲ, ಆದರೆ ಸುಮ್ಮನೆಯೂ ಕೂರುವುದಿಲ್ಲ. ನಮ್ಮ ಸ್ಟಾಫ್ ಮೀಟಿಂಗ್ ಒಮ್ಮೆಯೂ ಹೀಗೆ ನಡೆದದ್ದಿಲ್ಲ. ಸಾಬರು ಮೂರು ಸಲ ಕೇಳಿದರು. ಬ್ಯಾಂಡಿನ ಮಾತು ಮರೆತೇಹೋಯಿತು. ಹೊರಡುವಾಗ ಬಾಗಿಲಲ್ಲಿ ನಿಂತು, “ಜನ್ಮಪೂರ್ತಿ ಮಂದಿ ಹಾಡು ಊದಿದ್ನಿರಿ. ನಂದೂ ಅಂತ ಒಂದ್ ಮಾತು ಇತ್ತು, ಯಾರೂ ಕೇಳ್ಲಿಲ್ಲ” ಎಂದರು.

ಮದುವೆಯ ಬೆಳಿಗ್ಗೆ ಹೊಸಪೇಟೆಯ ಬೀದಿಯಲ್ಲಿ ಮೆರವಣಿಗೆ, ಮುಂದೆ ಸಾಬರ ಬ್ಯಾಂಡು. ಎಲ್ಲರಿಗೂ ಬಾಯಿಪಾಠವಾದ ಸಿನಿಮಾ ಹಾಡು. ಕುಣಿತ ಕಳೆಕಟ್ಟಿತ್ತು. ಇದ್ದಕ್ಕಿದ್ದಂತೆ ಸಾಬರು ಕಣ್ಣು ಮುಚ್ಚಿ ಹಾಡನ್ನು ಬಿಟ್ಟು ತಮ್ಮದೇ ಏನನ್ನೋ ಊದುತ್ತಾ ಹೊರಟೇಬಿಟ್ಟರು. ಕುಣಿಯುತ್ತಿದ್ದವರ ಕಾಲುಗಳು ಗೊಂದಲಕ್ಕೆ ಬಿದ್ದವು. ಸಂಡೂರಿನಲ್ಲಿ ಗಣಿ ಲಾರಿಗಳನ್ನಿಟ್ಟುಕೊಂಡಿದ್ದ ವರನ ಸೋದರಮಾವ ಮುಂದೆ ನುಗ್ಗಿ, “ಏ, ಹಾಡು ಎಲ್ಲಿ ಹೋತಲೇ? ಬಂದ್ ಮಾಡಿಸ್ರಿ ಇದನ್ನ!” ಎಂದು ಗುಡುಗಿದರು.

ಬೀಗರು ಮುನಿದರೆ ಅಕ್ಕ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಆದರೂ ಅಡ್ಡ ನಿಂತು, “ತಡೀರಿ ಅಣ್ಣಾರ, ಮನಿಗೆ ಬರ್ತಾರ!” ಎಂದೆ.

“ಯಾರ ಮನಿಗ್ರೀ?” ಎಂದರು ಅವರು, ಗಾಬರಿಯಿಂದ.

ಅಷ್ಟರಲ್ಲಿ ಬ್ಯಾಂಡಿನಲ್ಲಿ ಡೋಲು ಬಾರಿಸುವ ಅಜ್ಜ ಸಾಬರ ಮುಖ ನೋಡಿ ‘ಹೂಂ’ ಎಂದಂತೆ ಒಂದೇ ಒಂದು ಪೆಟ್ಟು ಕೊಟ್ಟ. ಟ್ರಂಪೆಟ್ ನಕ್ಕಿತು, ಗೋಗರೆಯಿತು, ಜಗಳಕ್ಕೆ ನಿಂತಿತು. ನನ್ನ ಕಣ್ಣು ತುಂಬಿ ಬಂತು. ಕೊನೆಗೆ ಸರಿಯಾದ ತಾಳಕ್ಕೆ ಎಲ್ಲರೂ ಹಾಡಿಗೆ ಮರಳಿದಾಗ ಬೀದಿಗೆ ಬೀದಿಯೇ ಸಿಳ್ಳೆ ಹೊಡೆಯಿತು. ಸೋದರಮಾವ ಟವೆಲ್ಲು ತಿರುಗಿಸುತ್ತಾ ಎಲ್ಲರಿಗಿಂತ ಮುಂದೆ ಕುಣಿದರು.

ಊಟದ ಪಂಕ್ತಿಯಲ್ಲಿ ಅವರು, “ಭಾಳ ಮಸ್ತ್ ಊದಿದ್ರಿ ಸಾಬ್ರ. ಅದೇನದು?” ಎಂದು ಕೇಳಿದರು.

“ಟೀಚರಮ್ಮಾರನ್ನ ಕೇಳ್ರಿ. ನಂಗ ಕೇಳ್ಸಿದೋರು ಅವ್ರ” ಎಂದರು ಸಾಬರು.

ನಾನು ಗಂಟಲು ಸರಿಮಾಡಿಕೊಂಡೆ. ಸಾಬರಿಂದ ಕಲಿತದ್ದನ್ನೆಲ್ಲ, ನನ್ನದೇ ಸಂಶೋಧನೆಯೆಂಬಂತೆ, ಹೋಳಿಗೆಯಿಂದ ಮಜ್ಜಿಗೆಯವರೆಗೂ ವಿವರಿಸಿದೆ. ಎದುರಿನ ಎಲೆಯ ಮುಂದೆ ಕೂತಿದ್ದ ಸಾಬರು ಮಜ್ಜಿಗೆ ಅನ್ನ ಕಲಸುತ್ತಾ ಗಂಭೀರವಾಗಿ ತಲೆಯಾಡಿಸಿದರು.

“ಟೀಚರಮ್ಮಾರು ಹೇಳ್ತಾರಂದ್ರ ಖರೇನ ಇರ್ಬೇಕ್ರಿ.”