ಜ್ವರಕ್ಕೆ ಕೂತ ಕಂಪ್ಯೂಟರು

ಸುಮ್ಮನೆ ಕೂರುವುದರಲ್ಲಿ ನಾನು ಎಲ್ಲರಿಗಿಂತ ಒಂದು ಕೈ ಮೇಲು. ಜಂಬಕ್ಕೆ ಹೇಳುತ್ತಿಲ್ಲ, ಒಪ್ಪಿಕೊಳ್ಳುತ್ತಿದ್ದೇನೆ ಅಷ್ಟೆ. ಕೆಲವರಿಗೆ ಸುಮ್ಮನೆ ಕೂರಲು ರಜೆ ಬೇಕು, ಕೈಗೊಂದು ಲೋಟ ಕಾಫಿ ಬೇಕು. ನನಗೆ ಒಂದು ಕಿಟಕಿ ಸಾಕು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ನನ್ನ ಮೇಜು ಕಿಟಕಿಯ ಪಕ್ಕದಲ್ಲೇ ಇತ್ತು. ಹೊಸ ಶೆಡ್ಡುಗಳ ತಗಡಿನಾಚೆ ಹೇಗೋ ಉಳಿದುಕೊಂಡಿದ್ದ ಒಂದು ಹಿಪ್ಪುನೇರಳೆ ತೋಟ, ಅದರಾಚೆ ನೀಲಿಯಾಗಿ ಒಂದು ಬಂಡೆಗುಡ್ಡ. ಬಿಸಿಲು ಆ ಗುಡ್ಡದ ನೆತ್ತಿಯಿಂದ ಮೆಲ್ಲಗೆ ಇಳಿದು ತೋಟದ ಮೇಲೆ ಹರಡುವುದನ್ನು ನೋಡುತ್ತಾ ಕೂತರೆ, ನಾನು ಯಾವ ಊರಿನವನು, ನನಗೆ ಸಂಬಳ ಕೊಡುವವರು ಯಾರು ಎಂಬುದೂ ಮರೆಯುತ್ತಿತ್ತು.

ಇಂಥ ಮೇಜಿಗೆ ಒಂದು ದಿನ ಕಂಪ್ಯೂಟರು ಬಂತು. ನಾಲ್ಕು ಗಂಟೆಗೆ ಹೊರಡುವ ಲಾರಿಯ ಮಾಲಿನ ಪಟ್ಟಿಯನ್ನು ಇನ್ನು ಮೇಲೆ ಅದರಲ್ಲೇ ಮಾಡಬೇಕು ಎಂದರು ಮ್ಯಾನೇಜರು. ಮೊದಲ ದಿನವೇ ಕರೆಂಟು ಹೋಗಿ, ಮೇಜಿನ ಕೆಳಗಿದ್ದ ಯುಪಿಎಸ್ ಡಬ್ಬ ಕೀಂ ಕೀಂ ಎಂದು ಗೋಳಾಡತೊಡಗಿತು. ಪಾಪ ಅನಿಸಿತು. ಅಲ್ಲಿ ಇಲ್ಲಿ ಒತ್ತಿ ಹುಡುಕಿದಾಗ ಕರೆಂಟು ಉಳಿಸುವ ಒಂದು ಏರ್ಪಾಡು ಸಿಕ್ಕಿತು. ಎಲ್ಲವನ್ನೂ ಅತಿ ಕಡಿಮೆಗೆ ಇಳಿಸಿ, ಕಂಪನಿಗೆ ಉಪಕಾರ ಮಾಡಿದೆನೆಂದು ಬೀಗಿ, ಮರೆತುಬಿಟ್ಟೆ.

ಅಂದಿನಿಂದ ಕಂಪ್ಯೂಟರು ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ಯೋಚಿಸುತ್ತಿತ್ತು. ಅದು ಯೋಚಿಸುವಾಗ ನಾನು ಗುಡ್ಡ ನೋಡುತ್ತಿದ್ದೆ. ತಿರುಗಿದರೆ ಪರದೆ ಕಪ್ಪು. ಬೇರೆಯವನಾಗಿದ್ದರೆ ಗಾಬರಿಗೊಳ್ಳುತ್ತಿದ್ದನೋ ಏನೋ, ನಾನು ರೇಷ್ಮೆ ಹುಳದ ಮನೆಯಲ್ಲಿ ಬೆಳೆದವನು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಇರುತ್ತದೆ. ಇದಕ್ಕೆ ನಮ್ಮಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಹುಳದ ತಟ್ಟೆ ಮುಟ್ಟುವಂತಿಲ್ಲ, ಸೊಪ್ಪು ಹಾಕುವಂತಿಲ್ಲ. "ಜ್ವರಕ್ ಕೂತವೆ ಕಣ್ಲಾ, ಅಲ್ಲಾಡಿಸ್ಬ್ಯಾಡ, ಅವೇ ಏಳ್ತವೆ" ಎಂದು ಅವ್ವ ಪಿಸುಗುಟ್ಟುತ್ತಿದ್ದಳು. ಸರಸರನೆ ಮೇಯುವ ಸದ್ದು ನಿಂತು, ಮನೆಯೊಳಗೆಲ್ಲ ಹಸಿ ಸೊಪ್ಪಿನ ವಾಸನೆ ಮಾತ್ರ ಉಳಿಯುತ್ತಿತ್ತು. ಆ ಮೌನ ನನಗೆ ಬಹಳ ಇಷ್ಟ. ಕಪ್ಪು ಪರದೆಯ ಮುಂದೆ ಅದೇ ಮೌನ ನನ್ನನ್ನು ಹುಡುಕಿಕೊಂಡು ಬಂದಂತಾಗಿ, ನಾನೂ ಕೈಕಟ್ಟಿ ಕೂತುಬಿಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಮೊಣಕೈ ತಗುಲಿಯೋ ಫೈಲು ಬಿದ್ದೋ ಪರದೆ ಬೆಳಗಿದರೆ, ಸದ್ಯ ಜ್ವರ ಬಿಟ್ಟಿತು ಎಂದುಕೊಳ್ಳುತ್ತಿದ್ದೆ.

ಲಾರಿಗೆ ಈ ತಾಳ್ಮೆ ಇರಲಿಲ್ಲ. ಮೂರು ದಿನ ಪಟ್ಟಿ ತಡವಾಗಿ ಅದು ಆರು ಗಂಟೆಗೆ ಹೊರಟಿತು. "ನಾಳೆಯೂ ಹೀಗೇ ಆದ್ರೆ ನೀವು ಗೇಟಿನ ರಿಜಿಸ್ಟರ್ ನೋಡ್ಕೊಳ್ಳಿ, ಇಲ್ಲಿಗೆ ಬೇರೆಯವರನ್ನ ಕೂರಿಸ್ತೀನಿ" ಎಂದರು ಮ್ಯಾನೇಜರು. ಗೇಟಿನ ಕೋಣೆಗೂ ಕಿಟಕಿ ಇದೆ, ಆದರೆ ಅದರಿಂದ ಕಾಣುವುದು ಎದುರಿನ ಕಾಂಪೌಂಡ್ ಗೋಡೆ. ಆ ಗುಡ್ಡ ಬಿಟ್ಟು ನಾನು ಹೇಗೆ ಬದುಕಲಿ? ತಪ್ಪು ನನ್ನದಲ್ಲವೆಂದು ತೋರಿಸಲು ದುಂಡಗಿನ ಅಕ್ಷರದಲ್ಲಿ ದೂರು ಬರೆದೆ: 'ಸದರಿ ಕಂಪ್ಯೂಟರು ದಿನಕ್ಕೆ ಏಳೆಂಟು ಸಲ ತಾನಾಗಿಯೇ ಮಲಗುತ್ತದೆ.' ಕೆಳಗೆ ಸಹಿಯನ್ನೂ ಹಾಕಿದೆ.

ಮರುದಿನ ಬೆಳಿಗ್ಗೆ ಕನಕಪುರದಿಂದ ಸವಿತಾ ಎಂಬಾಕೆ ರಿಪೇರಿಗೆ ಬಂದಳು. ಎರಡು ನಿಮಿಷ ನೋಡಿ ನಕ್ಕಳು. "ಏನೂ ಕೆಟ್ಟಿಲ್ಲ ಸಾರ್. ಪ್ರೊಸೆಸರ್ ಅಂದ್ರೆ ಇದ್ರ ಎತ್ತು ಅನ್ಕೊಳಿ. ಓಡೋ ಎತ್ತೇ. ಕರೆಂಟ್ ಉಳೀಲಿ ಅಂತ ಯಾರೋ ಮೂಗುದಾರ ಬಿಗಿದ್ಬುಟ್ಟವ್ರೆ, ಅದುಕ್ಕೆ ಅರ್ಧ ಸ್ಪೀಡಲ್ಲಿ ನಡೀತೈತೆ." ಯಾರೋ ಎಂದಾಗ ನಾನು ಗುಡ್ಡದ ಕಡೆ ನೋಡಿದೆ. ಮ್ಯಾನೇಜರು ನನ್ನ ದೂರು ಹಿಡಿದುಕೊಂಡು, "ಅದು ಸರಿ, ಈ ತಾನಾಗಿ ಮಲಗೋದು?" ಎಂದರು.

"ತಾನಾಗೆಲ್ಲಿ ಮಲಗ್ತದೆ ಸಾರ್? ಹತ್ತು ನಿಮಿಷ ಯಾರೂ ಮುಟ್ಟದೆ ಸುಮ್ಕೆ ಕೂತಿದ್ರೆ ಮಾತ್ರ ಮಲಗ್ತದೆ. ಮೌಸ್ ಹಿಡ್ದು ಒಸಿ ಅಲ್ಲಾಡಿಸಿದ್ರೆ ಎದ್ದೇಳ್ತೈತೆ."

ಮ್ಯಾನೇಜರು 'ಏಳೆಂಟು ಸಲ' ಎಂಬಲ್ಲಿ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಗುಣಿಸತೊಡಗಿದರು. ಅಕ್ಷರವೂ ನನ್ನದೇ, ಸಹಿಯೂ ನನ್ನದೇ.

ಸವಿತಾ ಮೂಗುದಾರ ಸಡಿಲಿಸಿ ಹೋದಳು. ಹನ್ನೊಂದು ಗಂಟೆಗೆಲ್ಲ ಪಟ್ಟಿ ಮುಗಿಯಿತು, ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು, ನನ್ನ ಮೇಜು ನನಗೇ ಉಳಿಯಿತು. ಮ್ಯಾನೇಜರು ಮಾತ್ರ ಆ ಮೇಜನ್ನು ಗೋಡೆಯ ಕಡೆಗೆ ತಿರುಗಿಸಿ ಇಡಿಸಿದರು. ಈಗ ಗುಡ್ಡ ನನ್ನ ಬೆನ್ನ ಹಿಂದೆ. ಎದುರಿಗೆ, ಜ್ವರದಿಂದೆದ್ದ ಹುಳದಂತೆ ಸದಾ ಹಸಿದಿರುವ ಪರದೆ.

ಸಂಜೆ ಮನೆಗೆ ಬಂದು, ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಹೆಂಡತಿ ರತ್ನಳಿಗೆ ಎಲ್ಲವನ್ನೂ ಹೇಳಿ ಸಂಕಟ ತೋಡಿಕೊಂಡೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಹುಳ ನಾಕು ಜ್ವರ ಕಂಡ್ರೆ ಗೂಡು ಕಟ್ತದೆ. ನೀವು ದಿನಕ್ಕೆ ಏಳೆಂಟು ಕಂಡಿದೀರಿ. ಎಲ್ಲಿ, ನಿಮ್ ಗೂಡು ಒಸಿ ತೋರ್ಸಿ ನೋಡಾನ" ಎಂದಳು.

ಯೋಚಿಸಿ ಹೇಳುತ್ತೇನೆ ಎಂದು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ದೂರದಲ್ಲಿ ಬಂಡೆಗಳ ಮೇಲೆ ಕೊನೆಯ ಬಿಸಿಲು ಕೆಂಪಗೆ ಇಳಿಯುತ್ತಿತ್ತು. ಹತ್ತು ನಿಮಿಷ ಆಗಿತ್ತೇನೋ. ರತ್ನ ಒಳಗಿನಿಂದ ಬಂದು, ನನ್ನ ಭುಜ ಹಿಡಿದು ಒಸಿ ಅಲ್ಲಾಡಿಸಿದಳು.