ಸೆನ್ಸರು ತೋರಿಸಿದ ಸೊನ್ನೆ

ಎಲ್ಲಾ ಶುರುವಾಗಿದ್ದು ಒರೆಸಪ್ಪನ ಬಿಳೀ ಬನಿಯನ್ನಿನಿಂದ.

ನೀರು ಶುದ್ಧೀಕರಣ ಘಟಕದಲ್ಲಿ ಅವನದು ಒಂದೇ ಕೆಲಸ. ತೊಟ್ಟಿಯೊಳಗಿನ ಫ್ಲೋರೆಸೆನ್ಸ್ ಸೆನ್ಸರನ್ನು ವಾರಕ್ಕೊಮ್ಮೆ ಮೇಲೆತ್ತಿ, ಅದರ ಗಾಜಿನ ಕಣ್ಣಿಗೆ ಕಟ್ಟಿದ ಪಾಚಿ ಒರೆಸಿ ಮತ್ತೆ ಇಳಿಬಿಡುವುದು. ಆ ಕಣ್ಣು ನೀರಿಗೆ ಬೆಳಕು ಬಿಡುತ್ತದೆ, ನೀರಲ್ಲಿ ಕೊಳೆಯಿದ್ದರೆ ಆ ಕೊಳೆ ಮಿನುಗುತ್ತದೆ, ಮಿನುಗಿದಷ್ಟೂ ಪರದೆಯ ಮೇಲೆ ಅಂಕಿ ಏರುತ್ತದೆ. ಹತ್ತು ದಾಟಿದರೆ ಗಂಡಾಂತರ. ಹನ್ನೊಂದು ವರ್ಷ ಒರೆಸಿದರೂ ಪಾಪ, ನೌಕರಿ ಕಾಯಂ ಆಗಿರಲಿಲ್ಲ. ಇವತ್ತು ದೊಡ್ಡ ಸಾಹೇಬರು ಬಂದು, ನೋಡಿ, ಕಾಯಂ ಕಾಗದಕ್ಕೆ ರುಜು ಹಾಕುವವರಿದ್ದರು.

ಇವತ್ತೇ ಒರೆಸುವ ಬಟ್ಟೆ ಮಾಯ! ಸ್ಟೋರ್ ಕೀಪರ್ ಅದರಲ್ಲಿ ತನ್ನ ಸ್ಕೂಟರ್ ಒರೆಸಿ ಕೂತಿದ್ದ.

"ಅದಕ್ಯಾಕೋ ತಲೆ ಕೆಡಿಸ್ಕೋತೀಯ? ಬನಿಯನ್ ಬಿಚ್ಚು. ನಿನ್ನ ಹೆಂಡ್ತಿ ಒಗೆದಿದ್ದು, ಫಳಫಳ ಅಂತಿದೆ!"

ಒರೆಸಿ ಇಳಿಬಿಟ್ಟರೆ ನಾಲ್ಕಿದ್ದ ಅಂಕಿ ನಲವತ್ತಾರು.

"ಗಟ್ಟಿಯಾಗಿ ತಿಕ್ಕೋ ಮಾರಾಯ!"

ತಿಕ್ಕಿದ. ತೊಂಬತ್ತು!

ಇವರ ಕೂಗಾಟ ಕೇಳಿ ಲ್ಯಾಬಿನ ಮೇಡಂ ಓಡಿಬಂದರು. ಬನಿಯನ್ ನೋಡಿ ಹಣೆ ಚಚ್ಚಿಕೊಂಡರು. "ಬಟ್ಟೆ ಹೊಳೀಲಿ ಅಂತ ಸೋಪಿನ ಪುಡೀಲಿ ಒಂದು ಕೆಮಿಕಲ್ ಹಾಕಿರ್ತಾರಲ್ಲ, ಅದೂ ಈ ಬೆಳಕಿಗೆ ಮಿನುಗುತ್ತೆ ಕಣಯ್ಯಾ! ಸೆನ್ಸರನ್ನ ಒಳ್ಳೇ ನೀರಲ್ಲಿ ಒಂದು ಗಂಟೆ ತೊಳಿ" ಎಂದು ಹೊರಟೇ ಹೋದರು.

ಒಂದು ಗಂಟೆಯಂತೆ! ಗೇಟಿನಲ್ಲಿ ಆಗಲೇ ಸಾಹೇಬರ ಜೀಪು ಹಾರನ್ ಹೊಡೆಯಿತು. ಸ್ಟೋರ್ ಕೀಪರ್ ಡ್ರಾಯರ್ ತಡಕಾಡಿ, ಸೆನ್ಸರಿನ ಜೊತೆ ಬಂದಿದ್ದ ಕಪ್ಪು ರಬ್ಬರ್ ಮುಚ್ಚಳ ತಂದು ಅದರ ಕಣ್ಣಿಗೆ ಒತ್ತಿ ಕೂರಿಸಿ, ನೀರಿನ ತಳಕ್ಕೆ ಇಳಿಬಿಟ್ಟ. ಪರದೆಯ ಮೇಲೆ ಸೊನ್ನೆ.

ಸಾಹೇಬರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಸೊನ್ನೆ! ನನ್ನ ಸರ್ವೀಸಲ್ಲೇ ಕಂಡಿಲ್ಲ. ನಾನು ಬರ್ತೀನಂತ ಇವತ್ತು ಚೆನ್ನಾಗಿ ಒರೆಸಿದ್ರಾ?"

ಒರೆಸಪ್ಪ "ಹೌದು ಸಾರ್" ಎನ್ನುವಷ್ಟರಲ್ಲಿ ಸ್ಟೋರ್ ಕೀಪರ್ ಬಾಯಿ ಹಾಕಿದ. ಎಲ್ಲಿ ಮೇಲೆತ್ತಿ ತೋರಿಸು ಅನ್ನುತ್ತಾರೋ ಎಂದು ಅವನಿಗೆ ಪುಕುಪುಕು. "ಛೆ ಛೆ, ಮುಟ್ಟೇ ಇಲ್ಲ ಸಾರ್! ಆರು ತಿಂಗಳಿಂದ ಯಾರೂ ಅದರ ತಂಟೆಗೇ ಹೋಗಿಲ್ಲ!"

"ಭೇಷ್! ಒರೆಸದೇನೇ ಇಷ್ಟು ಚೆನ್ನಾಗಿದೆ ಅಂದ್ಮೇಲೆ ಒರೆಸೋನು ಯಾಕ್ರೀ?" ಸಾಹೇಬರು ಕಾಯಂ ಮಾಡುವ ಕಾಗದದ ಮೇಲೆ ಉದ್ದಕ್ಕೆ ಗೀಟು ಎಳೆದು, 'ಹುದ್ದೆ ರದ್ದು' ಎಂದು ಬರೆದು ರುಜು ಹಾಕಿದರು.

ಒರೆಸಪ್ಪ ಲೆಕ್ಕ ಹಾಕಿದ. ಮುಚ್ಚಳದ ವಿಷಯ ಹೇಳಿದರೆ ಮೋಸಕ್ಕೆ ನೌಕರಿ ಹೋಗುತ್ತದೆ, ಹೇಳದಿದ್ದರೆ ನೀರು ಚೊಕ್ಕವಾಗಿದ್ದದ್ದಕ್ಕೆ ಹೋಗುತ್ತದೆ.

ಜೀಪು ಹೊರಟಿತು. ಸ್ಟೋರ್ ಕೀಪರ್ ಒದ್ದೆ ಬನಿಯನ್ ಹಿಂಡಿ, ಕೊಡವಿ, ಅವನ ಹೆಗಲಿಗೆ ಹಾಕಿದ.

"ಬೇಗ ಹಾಕ್ಕೊಳ್ಳೋ, ನೆಗಡಿ ಆದೀತು. ರಜಾನೂ ಸಿಗಲ್ಲ ನಿಂಗೆ ಇನ್ನು."