ಮುಗಿಯದ ಸಭೆ

ಆಡಬೇಕಾದ ಮಾತು ಸಮಯಕ್ಕೆ ಸರಿಯಾಗಿ ಬಾಯಿಗೆ ಬರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗದು ಮನೆಗೆ ಹೋಗಿ, ಕಾಲು ತೊಳೆದು, ಕಾಫಿ ಕುಡಿದ ಮೇಲೆ ಬರುತ್ತದೆ. ಬಂದದ್ದು ಮತ್ತೆ ಹೋಗುವುದೂ ಇಲ್ಲ.

ನಾನು ಮುಳಬಾಗಿಲಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ತೊಂಬತ್ತರ ದಶಕದಲ್ಲೊಮ್ಮೆ, ಪೋಷಕರ ಸಭೆಯಲ್ಲಿ, ನಮ್ಮ ಹೆಡ್‌ಮಾಸ್ಟರು ನನ್ನ ಹತ್ತನೇ ತರಗತಿಯನ್ನು ಕಿತ್ತು ತಮ್ಮ ಷಡ್ಡಕನಿಗೆ ಕೊಟ್ಟರು. ಸಾಲದ್ದಕ್ಕೆ, “ಇವರಿಗೆ ನಾಟಕ ಆಡಿಸೋದು ಬರುತ್ತೆ, ಪಾಠ ಬರಲ್ಲ” ಎಂದರು. ಪೋಷಕರು ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಅಂದಿನಿಂದ ಆ ಸಭೆ ನನ್ನ ತಲೆಯೊಳಗೆ ನಡೆಯುತ್ತಲೇ ಇದೆ. ತಾಯಲೂರಿನ ಬಸ್ಸಿನಲ್ಲಿ ಕೂತಾಗ, ಗಡ್ಡ ಬೋಳಿಸುವಾಗ, ಹೆಡ್‌ಮಾಸ್ಟರು ಎದ್ದು ಅದೇ ಮಾತು ಆಡುತ್ತಾರೆ. ನಾನು ಹೊಸದೊಂದು ಉತ್ತರ ಕೊಡುತ್ತೇನೆ. ಒಮ್ಮೆ “ಸಾರಿಗೆ ಉಪ್ಪು ಸರಿಯಾಗಿದೆಯಾ?” ಎಂದ ಹೆಂಡತಿಗೆ, “ನಿಮ್ಮ ಯೋಗ್ಯತೆ ನನಗೆ ಗೊತ್ತು ಸಾರ್” ಎಂದುಬಿಟ್ಟೆ. ಆಮೇಲೆ ಬಹಳ ದಿನ ನಾನೇ ಬಡಿಸಿಕೊಂಡು ಉಂಡೆ.

ನಮ್ಮಲ್ಲೇ ವಿಜ್ಞಾನ ಪಾಠ ಹೇಳುತ್ತಿದ್ದ ಪದ್ಮಾ ಮೇಡಂ ಸಮಾಧಾನ ಮಾಡಿದರು. “ಅದು ಕಾಯಿಲೆ ಅಲ್ಲ ಸಾರ್. ಇಲಿ ಒಂದು ದಾರೀಲಿ ಓಡಾಡಿದ ಮೇಲೆ, ಸುಮ್ನೆ ಕೂತಾಗ್ಲೂ ಅದರ ಮಿದುಳು ಅದೇ ದಾರೀಲಿ ಓಡುತ್ತಂತೆ. ಮುಂದೆ ಎಲ್ಲಿ ತಿರುಗಬೇಕು ಅಂತ ಹಾಗೇ ಕಲಿಯೋದು.”

“ಇಲಿಗೆ ಕೊನೆಗೆ ತಿನ್ನೋಕಾದ್ರೂ ಸಿಗುತ್ತಲ್ಲ ಮೇಡಂ” ಎಂದೆ. ನನಗೆ ಸಿಕ್ಕಿದ್ದು ನಿವೃತ್ತಿಯವರೆಗೂ ಎಂಟನೇ ತರಗತಿ.

ಎಷ್ಟೋ ವರ್ಷಗಳ ಮೇಲೆ ಹೆಡ್‌ಮಾಸ್ಟರು ಶ್ರೀನಿವಾಸಪುರದ ಒಂದು ಮದುವೆಯಲ್ಲಿ ಎದುರಾದರು. ಇದ್ದ ಉತ್ತರಗಳಲ್ಲಿ ಒಳ್ಳೆಯದೊಂದನ್ನು ನಾನು ಆರಿಸುತ್ತಿರುವಾಗಲೇ, “ಏಮಂಡಿ ಮೇಷ್ಟ್ರೇ, ಬಾಗುನ್ನಾರಾ?” ಎಂದು ತೆಲುಗಿನಲ್ಲಿ ಯೋಗಕ್ಷೇಮ ಕೇಳುತ್ತ ಬಂದು ಊಟಕ್ಕೆ ನನ್ನ ಪಕ್ಕದಲ್ಲೇ ಕೂತರು.

“ಅವತ್ತು ಅಷ್ಟು ಜನರ ಮುಂದೆ ನನ್ನ ಮಾನ ತೆಗೆದ್ರಿ” ಎಂದು ಅವರೇ ಶುರುಮಾಡಿದರು. “ಎಷ್ಟು ವರ್ಷ ಅದೇ ಕೊರೀತಿತ್ತು. ಹೋಗ್ಲಿ ಬಿಡಿ, ಕ್ಷಮಿಸಿದ್ದೀನಿ.”

“ನಾನೇನಂದೆ ಸಾರ್?”

“ಮರೆತ್ರಾ? ‘ಪಾಠ ಬರದೋರನ್ನ ಇಲ್ಲಿ ಹೆಡ್‌ಮಾಸ್ಟರ್ ಮಾಡ್ತಾರೆ, ನನ್ನೂ ಮಾಡಿ’ ಅಂದ್ರಲ್ಲ.”

ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ ನನ್ನ ಉತ್ತರಗಳಲ್ಲಿ ಒಂದೂ ಇದರ ಹತ್ತಿರ ಸುಳಿಯುವಂತಿರಲಿಲ್ಲ. ನಾನು ಹಾಗೆ ಅನ್ನಲೇ ಇಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. “ಏನೋ ಬಾಯಿ ತಪ್ಪಿ ಬಂತು ಸಾರ್” ಎಂದು ಕೈಮುಗಿದು, ಆ ಮಾತನ್ನೂ ಅವರ ಕ್ಷಮೆಯನ್ನೂ ಇಟ್ಟುಕೊಂಡೆ.

ಈಗ ಆ ಉತ್ತರವನ್ನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಎಷ್ಟು ಹೇಳಿದ್ದೇನೆಂದರೆ, ಅವತ್ತು ನಾನು ಸುಮ್ಮನೆ ನಕ್ಕಿದ್ದೆ ಎಂಬುದು ಹೆಂಡತಿ ನೆನಪಿಸಿದರೆ ಮಾತ್ರ ನೆನಪಾಗುತ್ತದೆ. ಅವಳು ನೆನಪಿಸುತ್ತಾಳೆ, ಅದೂ ನೆಂಟರ ಮುಂದೆ.